ವಿಮಾನ ಎಲ್ಲಿ ತಂಗ್ತದೆ?

“ಹದಿಮೂರು ಗಂಟೆ, ಸಾರ್!”

ಎಲ್ಲರಿಗಿಂತ ಮೊದಲು ಸ್ಲೇಟು ಎತ್ತಿ ಹಿಡಿದವಳು ಅಣ್ಣಮ್ಮ. ಕರಾಚಿಯಿಂದ ಮದರಾಸಿಗೆ ಸುಮಾರು ಸಾವಿರದ ಮುನ್ನೂರು ಮೈಲಿ. ಹೊಸದಾಗಿ ಶುರುವಾದ ಟಪಾಲು ವಿಮಾನ ಗಂಟೆಗೆ ನೂರು ಮೈಲಿ ಹಾರುತ್ತದೆ. ಎಷ್ಟು ಹೊತ್ತು ಬೇಕು? ಇಷ್ಟೇ ಲೆಕ್ಕ.

“ಭೇಷ್!” ಅಂದರು ಶಿವಲಿಂಗಯ್ಯ ಮೇಷ್ಟ್ರು.

ಅಣ್ಣಮ್ಮ ಹಿಗ್ಗಿ ಹೀರೇಕಾಯಿಯಾದಳು. ಅವಳು ಬೆಳಗೊಳದವಳು. ಶ್ರೀರಂಗಪಟ್ಟಣದ ಸೋದರತ್ತೆ ಮನೆಯಲ್ಲಿದ್ದು ಓದುತ್ತಿದ್ದಳು. ಪಟ್ಟಣದ ಹುಡುಗಿಯರ ಎದುರು ಗೆಲ್ಲುವುದೆಂದರೆ ಅವಳಿಗೆ ಹಬ್ಬ. ಅಪ್ಪ ಗಾಡಿ ಹೊಡೆಯುತ್ತಾನೆಂದು ಮಾತ್ರ ಇಲ್ಲಿ ಯಾರಿಗೂ ಹೇಳಿರಲಿಲ್ಲ.

“ಅದೆಂಗಾದದು ಸಾಮಿ?”

ಬಾಗಿಲಲ್ಲಿ ಗಾಡಿಯವನೊಬ್ಬ ನಿಂತಿದ್ದ. ಮೈಯೆಲ್ಲ ಧೂಳು. ಅಣ್ಣಮ್ಮ ಸ್ಲೇಟು ಕೆಳಗಿಳಿಸಿದಳು. ಅವಳ ಅಪ್ಪ ನರಸಯ್ಯ! ಸ್ಟೇಷನ್ನಿನಿಂದ ಸ್ಕೂಲಿನ ಹೊಸ ಬೋರ್ಡು ಹೇರಿಕೊಂಡು ಬಂದು ಇಳಿಸಿದವನು, ಮಗಳು ಲೆಕ್ಕ ಹೇಳುವುದು ಕೇಳಿ ಅಲ್ಲೇ ನಿಂತುಬಿಟ್ಟಿದ್ದ.

“ಎತ್ಗೇ ಎಂಟತ್ತು ಮೈಲಿಗೊಂದ್ಸಲ ನೀರು ತೋರಿಸ್ಬೇಕು. ಕತ್ಲಾದ್ರೆ ಗಾಡಿ ಬುಟ್ಟು ತಂಗ್ಬೇಕು. ಇಮಾನ ಎಲ್ಲಿ ತಂಗ್ತದೆ?”

ಕ್ಲಾಸೆಲ್ಲ ಗೊಳ್ಳೆಂದಿತು.

“ವಿಮಾನಕ್ಕೆ ಹುಲ್ಲು ಹಾಕ್ಬೇಕಂತೆ ಕಣೇ!” ಪಕ್ಕದ ಯಶೋದ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಿಮ್ಮೂರ ಕಡೆಯವ್ರ ಥರಾನೇ ಮಾತಾಡ್ತಾರೆ. ನಿಂಗೆ ಗೊತ್ತಾ?”

“ಇಲ್ಲಪ್ಪ, ಯಾರೋ ಏನೋ.”

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳು. ಅಷ್ಟರಲ್ಲಿ ಎಲ್ಲರ ನಗು ನಿಂತುಬಿಟ್ಟಿತ್ತು. ಮಾತು ಬಾಗಿಲವರೆಗೂ ಕೇಳಿಸಿತು.

ಮೇಷ್ಟ್ರು ಮೇಜಿನ ಮೇಲಿದ್ದ ಪೇಪರು ಬಿಡಿಸಿದರು. “ಯಾಕ್ರೋ ನಕ್ಕಿದ್ದು? ಇವರು ಕೇಳಿದ್ದು ಸರಿಯಾಗಿದೆ. ವಿಮಾನ ದಾರೀಲಿ ಇಳಿದು ಎಣ್ಣೆ ತುಂಬಿಸ್ಕೊಳ್ಳುತ್ತೆ. ರಾತ್ರಿ ಬಳ್ಳಾರೀಲಿ ತಂಗುತ್ತೆ. ಮದರಾಸು ಮುಟ್ಟೋದು ಮಾರನೇ ದಿನ. ನಾನೇ ಅದನ್ನ ಲೆಕ್ಕಕ್ಕೆ ಹಿಡೀಲಿಲ್ಲ. ಯಾವೂರಪ್ಪ ನಿಂದು?”

“ಬೆಳಗೊಳ, ಸಾಮಿ.”

“ನಮ್ಮ ಅಣ್ಣಮ್ಮನೂ ಬೆಳಗೊಳದವಳೇ. ಗೊತ್ತೇನು?”

ಅಣ್ಣಮ್ಮ ತಲೆ ತಗ್ಗಿಸಿದಳು. ನರಸಯ್ಯ ಅವಳನ್ನೊಮ್ಮೆ ನೋಡಿದ.

“ಇಲ್ಲ ಸಾಮಿ. ದೊಡ್ಡೂರು, ಎಲ್ರನ್ನೂ ಎಲ್ಲಿ ಕಂಡಿರ್ತೀವಿ,” ಎಂದು ತಿರುಗಿ ಹೊರಟ.

ಅಪ್ಪ ಸುಳ್ಳು ಹೇಳಿದ್ದನ್ನು ಅಣ್ಣಮ್ಮ ಇದುವರೆಗೆ ಕೇಳಿಯೇ ಇರಲಿಲ್ಲ. ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು. ಯಶೋದ ಏನೋ ಹೇಳುತ್ತಿದ್ದಳು, ಅದೊಂದೂ ಕೇಳಿಸಲಿಲ್ಲ. ಎದ್ದವಳೇ, ಮೇಷ್ಟ್ರನ್ನೂ ಕೇಳದೆ ಹೊರಗೆ ಓಡಿದಳು.

“ಅಪ್ಪಾ!”

ಗಾಡಿಗೆ ಎತ್ತು ಕಟ್ಟುತ್ತಿದ್ದ ನರಸಯ್ಯ ಬೆಚ್ಚಿಬಿದ್ದ. ಅವಳ ಹಿಂದೆ ಸ್ಕೂಲಿನ ಕಿಟಕಿಗಳ ತುಂಬ ಮುಖಗಳು.

“ಮೆಲ್ಗೆ ಕಣವ್ವ,” ಅಂದ. “ಅವ್ರೆಲ್ಲ ಕೇಳಿಸ್ಕೊಂಡಾರು.”

ಕೇಳಿಸಿಕೊಳ್ಳಲಿ ಬುಡಪ್ಪ ಎನ್ನಲು ಹೋದಳು. ಎಲ್ಲರೂ ನೋಡುತ್ತಿದ್ದರು. ಅಣ್ಣಮ್ಮ ಅಪ್ಪನ ಧೂಳುಗೈಯನ್ನು ಹಿಡಿದುಕೊಂಡು ಅಲ್ಲೇ ನಿಂತಳು.