ಸೊನ್ನೆ ತೋರಿಸಿದ ಬಾಟಲಿ

ಮೊಹರು ಒಡೆದು ಪರೀಕ್ಷಿಸಿದಾಗ, ಕೆಳಬೀದಿಯ ನಲ್ಲಿಯಿಂದ ಹಿಡಿದಿಟ್ಟ ಬಾಟಲಿಯ ನೀರಿನಲ್ಲಿ ಕ್ಲೋರಿನ್ ಸೊನ್ನೆ! ಅಲ್ಲಿ ನಲ್ಲಿ ನೀರು ಕುಡಿದ ಮೂವತ್ತು ಮಂದಿ ಆಸ್ಪತ್ರೆ ಸೇರಿದ್ದರು; ಒಂದು ಮಗು ಉಳಿಯಲಿಲ್ಲ. ನೀರಿಗೆ ಕ್ಲೋರಿನ್ ಬೆರೆಸುವ ಆಪರೇಟರ್—ಎಲ್ಲರ ಬಾಯಲ್ಲಿ ಬ್ಲೀಚಪ್ಪ—ಆರೋಪಿಯಾದ. ನಾಳೆ ವಿಚಾರಣೆ. ಸೋತರೆ ಜೈಲು.

ನೀರು ಇಲಾಖೆಯ ವಕೀಲೆ ಅವನನ್ನು ಕರೆಸಿ ಎದುರು ಕೂರಿಸಿಕೊಂಡಳು. ಪಕ್ಕದಲ್ಲಿ ಲ್ಯಾಬ್ ಅಧಿಕಾರಿ.

“ಅವತ್ತು ಕ್ಲೋರಿನ್ ಹಾಕಿದ್ಯಾ?”

“ಹಾಕಿದ್ದೆ ಮೇಡಂ, ಮೂಗು ಉರಿಯೋಷ್ಟು! ನನ್ನ ಅಂಗಿ ಝಾಡಿಸಿದ್ರೆ ಜಿರಳೆ ಸಾಯುತ್ತೆ ಅಂತಾಳೆ ನನ್ನ ಹೆಂಡ್ತಿ.”

“ಮತ್ತೆ ಸೊನ್ನೆ ಹೇಗೆ?”

“‘ಅದನ್ನು ನೀನೇ ಹೇಳಬೇಕಪ್ಪಾ’”—ಬ್ಲೀಚಪ್ಪ ಅಧಿಕಾರಿಯ ಮೂಗುದನಿಯನ್ನೇ ಎಳೆದು ತಂದ—“ಅಂತ ಸಾಹೇಬ್ರು ಕೇಳ್ತಾನೇ ಇದಾರೆ. ನಂಗೇನು ಗೊತ್ತು?”

ವಕೀಲೆ ನಗಲಿಲ್ಲ. ಕಡತದಿಂದ ಫೋಟೋ ತೆಗೆದಳು. ಕೆಳಬೀದಿಯ ನಲ್ಲಿ, ಮುಚ್ಚಳಕ್ಕೆ ಕಾಗದ ಸುತ್ತಿದ ಬಾಟಲಿ, ಅರಗಿನ ಮೊಹರು.

“ಬಾಟಲಿ ಎಷ್ಟು ಥರ?”

“ಎರಡು. ಬರೀ ಬಾಟಲಿ ಕ್ಲೋರಿನ್ ನೋಡೋಕೆ. ಕಾಗದದ ಟೋಪಿ ಇರೋದು ರೋಗಾಣು ನೋಡೋಕೆ. ಅದಕ್ಕೆ ಮೊದಲೇ ಚಿಟಿಕೆ ಪುಡಿ ಹಾಕಿರ್ತಾರೆ. ಇಲ್ದಿದ್ರೆ ಲ್ಯಾಬ್ ಸೇರೋದ್ರೊಳಗೆ ಕ್ಲೋರಿನ್ನು ರೋಗಾಣೂನ ಕೊಂದುಬಿಡುತ್ತಲ್ಲ! ಪುಡಿ ಆ ಕ್ಲೋರಿನ್ನನ್ನೇ ನುಂಗುತ್ತೆ—”

ಅವನು ಬಗ್ಗಿ ಫೋಟೋದ ಬಾಟಲಿಯ ಮುಚ್ಚಳ ನೋಡಿದ.

“ಆ ಬಾಟಲೀಲಿ ಕ್ಲೋರಿನ್ ಅಳೆದ್ರೆ?”

“ಎಷ್ಟು ಹಾಕಿದ್ರೂ ಸೊನ್ನೆ! ಟೋಪಿ ಬಾಟಲಿಗಲ್ಲ ಮೇಡಂ, ನಂಗೆ ಹಾಕಿದಾರೆ!”

“ಎಲ್ಲರೂ ಮೊಹರು ನೋಡಿದರು, ಸಹಿ ನೋಡಿದರು. ಮುಚ್ಚಳ ಯಾರೂ ನೋಡಲಿಲ್ಲ.” ವಕೀಲೆ ಅಧಿಕಾರಿಯತ್ತ ತಿರುಗಿದಳು. “ಬೇರೆಯವರಾಗಿದ್ರೆ ಕೈತಪ್ಪು ಅನ್ನಬಹುದಿತ್ತು. ಪುಡಿ ಹಾಕೋರು ನೀವೇ, ನೀರು ಹಿಡಿದೋರೂ ನೀವೇ. ಕೆಳಬೀದಿ ಪೈಪು ಒಡೆದು ಚರಂಡಿ ನೀರು ಸೇರ್ತಿದೆ ಅಂತ ಮೂರು ತಿಂಗಳ ಹಿಂದೇನೇ ದೂರು ಬಂದಿತ್ತು. ರಿಪೇರಿ ಮಾಡಿಸಲಿಲ್ಲ. ಪೈಪಿನ ತಪ್ಪಾದ್ರೆ ಮೇಲಿನೋರೆಲ್ಲ ಕಟಕಟೆಗೆ. ಕ್ಲೋರಿನ್ ತಪ್ಪಾದ್ರೆ ಇವನೊಬ್ಬ. ಅಲ್ವಾ?”

ಅಧಿಕಾರಿ ಮೇಜಿನ ಅಂಚು ನೋಡಿದ. “ಮೇಲಿಂದ ಹೇಳಿದ್ರು,” ಅಂದ, ಅಷ್ಟೇ.

“ಬದುಕಿದೆ!” ಬ್ಲೀಚಪ್ಪ ಎದ್ದೇ ನಿಂತ. “ನಾಳೆ ಕೋರ್ಟಲ್ಲಿ ಇದನ್ನೇ ಹೇಳ್ತೀರಲ್ಲ?”

ಅವಳು ಫೋಟೋವನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದಳು.

“ನಾನು ಇಲಾಖೆ ವಕೀಲೆ ಕಣಪ್ಪಾ, ನಿನ್ನ ವಕೀಲೆ ಅಲ್ಲ. ಒಳಗೆ ತಿಳಿದದ್ದನ್ನ ಇಲಾಖೆ ವಿರುದ್ಧ ಬಾಯಿಬಿಡೋ ಹಾಗಿಲ್ಲ. ಬಾಟಲಿ ವಿಷಯ ನಿನ್ನ ವಕೀಲರ ಕೈಲಿ ಕೇಳಿಸು.”

ಬ್ಲೀಚಪ್ಪ ಮೆಲ್ಲನೆ ಕೂತ.

“ನನ್ನ ವಕೀಲ್ರನ್ನ ಗೊತ್ತುಮಾಡಿರೋದೂ ಇಲಾಖೇನೇ ಮೇಡಂ.”