ಮರಳಿಯ ಕಂಚಿನ ನಾಣ್ಯ

"ನನ್ನ ಕಳ್ಳಿ ಅಂತಾರ್ರಿ ಮಾಸ್ತರ್ರ!"

ಗಂಗಾವತಿಯ ಗಡಿಯಾರ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತ ಹಂಪವ್ವನನ್ನು ಕಂಡು ಇಬ್ರಾಹಿಂಸಾಬ ಕೈಯಲ್ಲಿದ್ದ ಚಿಮಟ ಕೆಳಗಿಟ್ಟ. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದವರು ಅವನ ಗೆಳೆಯ ಕೊಟ್ರಬಸಪ್ಪ, ನಿವೃತ್ತ ಇತಿಹಾಸದ ಮಾಸ್ತರು. ಸುತ್ತಲಿನ ಬಗೆಹರಿಯದ ತಕರಾರುಗಳೆಲ್ಲ ಕೊನೆಗೆ ಅವರ ಹತ್ತಿರವೇ ಬರುತ್ತಿದ್ದವು.

ಅದು ೧೯೭೯. ಎಂಟು ದಿನದ ಹಿಂದೆ ಹತ್ತಿರದ ಮರಳಿ ಊರಿನ ಗದ್ದೆಯಲ್ಲಿ ಬದು ಕಡಿಯುವಾಗ ಹಂಪವ್ವನಿಗೆ ಹಳೆಯ ಕಂಚಿನ ನಾಣ್ಯವೊಂದು ಸಿಕ್ಕಿತ್ತು. ಅದೇ ಸಂಜೆ ಚೇರ್ಮನ್ ವಿರುಪಣ್ಣನಿಗೆ ಒಪ್ಪಿಸಿದ್ದಳು. ಅವನು ಅವಳೆದುರೇ ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ ಪಂಚಾಯ್ತಿ ಕಪಾಟಿನಲ್ಲಿಟ್ಟಿದ್ದ. ನಿನ್ನೆ ವಸ್ತುಸಂಗ್ರಹಾಲಯದ ಅಧಿಕಾರಿ ಬಂದು ಲಕೋಟೆ ಒಡೆದರೆ ಒಳಗಿದ್ದದ್ದು ಮೊನ್ನೆ ಮೊನ್ನೆ ಹೊಯ್ದ ನಕಲಿ! ಅಸಲಿ ಇಟ್ಟುಕೊಂಡು ನಕಲಿ ಕೊಟ್ಟವಳು ಅವಳೇ ಎಂದು ಊರು ಆಡಿಕೊಂಡಿತು.

"ನೀ ಒಪ್ಪಸೋಕಿಂತ ಮೊದಲ ಅದನ್ನ ಮತ್ಯಾರರ ನೋಡಿದ್ರೇನು?" ಎಂದು ಮಾಸ್ತರು ಕೇಳಿದರು.

"ಮಧ್ಯಾಹ್ನ ದೊಡ್ಡೋರ ಅಕ್ಷರದ ಕ್ಲಾಸಿಗೆ ಒಯ್ದಿದ್ದೆರಿ. ಮ್ಯಾಲಿನ ಅಕ್ಷರ ಯಾವು ಅಂತ ತಿಳೀಬೇಕಿತ್ತು. ನಾಣ್ಯ ಹಾಳಿ ಕೆಳಗಿಟ್ಟು ಮ್ಯಾಲೆ ಪೆನ್ಸಿಲ್ ತಿಕ್ಕೀನಿ."

ಅವಳು ತೋರಿಸಿದ ಹಾಳೆಯಲ್ಲಿ ಆ ರೋಮನ್ ನಾಣ್ಯದ ಎರಡೂ ಮುಖ ಮೂಡಿದ್ದವು. ಕೆಳಗೆ ತಾರೀಖು, ಟೀಚರರ ಸಹಿ. ಕೊಟ್ರಬಸಪ್ಪನವರ ಕಣ್ಣು ಮಿನುಗಿತು.

"ಇಬ್ರಾಹಿಂ, ನಿನ್ನ ಅಳತಿ ಸಾಮಾನು ತಗೋ. ನಡಿ."

ಮರಳಿಯ ಪಂಚಾಯ್ತಿ ಕಚೇರಿಯಲ್ಲಿ ಅಧಿಕಾರಿ, ವಿರುಪಣ್ಣ ಮತ್ತು ಸೆಕ್ರೆಟರಿ ಯಂಕೋಬ ಇದ್ದರು. ಹೊರಗೆ ನೆರೆದ ಜನ ಹಂಪವ್ವನಿಗೆ ದಾರಿ ಬಿಟ್ಟು ಮುಖ ಆಚೆ ತಿರುಗಿಸಿದರು. ಅದು ಇಬ್ರಾಹಿಂಸಾಬನಿಗೆ ಚುಚ್ಚಿತು.

"ಯಂಕೋಬ, ನಾಣ್ಯ ನೀ ಯಾವಾಗ ನೋಡಿದಿ?" ಮಾಸ್ತರು ಸಹಜವಾಗಿ ಕೇಳಿದರು.

"ಆಕಿ ತಂದ ದಿನ ನಾ ರಜಾದಾಗ ಹೇಮಗುಡ್ಡಕ್ಕ ಹೋಗಿದ್ದೆರಿ. ನೋಡಿದ್ದು ನಿನ್ನೆ, ಸಾಹೇಬರು ಒಡದಾಗ. ಒಂದ ಕಡೆ ರಾಜ, ಇನ್ನೊಂದ ಕಡೆ ತಕ್ಕಡಿ ಹಿಡದ ಹೆಣಮಗಳು."

ಇಬ್ರಾಹಿಂಸಾಬ ನಕಲಿಯನ್ನೂ ಹಾಳೆಯ ಗುರುತನ್ನೂ ಎರಡೆರಡು ಸಲ ಅಳೆದ. "ನಕಲಿ ಅರ್ಧ ಮಿಲಿಮೀಟರ್ ಸಣ್ಣದೈತಿ."

"ಆಗಲೇಬೇಕು," ಎಂದರು ಕೊಟ್ರಬಸಪ್ಪ. "ರೋಮಿನವರು ಬಿಲ್ಲೆಯ ಮ್ಯಾಲ ಅಚ್ಚಿಟ್ಟು ಸುತ್ತಿಗೀಲೆ ಹೊಡೀತಿದ್ರು. ಇದು ಆ ನಾಣ್ಯದಿಂದಲೇ ಅಚ್ಚು ತಗದು ಹೊಯ್ದದ್ದು. ಕಾಯ್ಸಿದ ಲೋಹ ಆರಿದಾಗ ಕುಗ್ಗತೈತಿ. ಅಂದರ ಅಸಲಿ ಇದ್ದದ್ದು ಖರೆ. ಮಧ್ಯಾಹ್ನ ಹಾಳಿ ಮ್ಯಾಲೆ ತಿಕ್ಕಿದಾಕಿ ಸಂಜೀಕ ಒಪ್ಪಿಸ್ಯಾಳ. ಅಷ್ಟರಾಗ ಎರಕ ಹೊಯ್ದು, ಹಸರು ಕಿಲುಬು ಹತ್ತಿಸಿ ತರೋದು ಆಗೋ ಮಾತಲ್ಲ. ಬದಲಿಯಾದದ್ದು ಈ ಕಪಾಟಿನಾಗ."

"ಹಂಗಾದ್ರ ನಾನು..." ವಿರುಪಣ್ಣ ಕುರ್ಚಿ ಬಿಟ್ಟೆದ್ದ.

"ನೀ ಅಲ್ಲ. ಸಾಹೇಬರ, ನಕಲಿಯೊಳಗ ತಕ್ಕಡಿ ತೋರಸ್ರಿ."

ಅಧಿಕಾರಿ ಭೂತಗನ್ನಡಿ ಹಿಡಿದರು. "ಇಲ್ಲ. ಎರಕದಲ್ಲಿ ಕೈಯ ಭಾಗ ಕಲಸಿಹೋಗಿದೆ."

"ತಕ್ಕಡಿ ಇದ್ದದ್ದು ಅಸಲಿಯೊಳಗ, ಈ ಹಾಳಿಯೊಳಗ. ಯಂಕೋಬ ತಕ್ಕಡಿ ಅಂದಾಗ ಹಾಳಿ ಇವರ್ಯಾರೂ ನೋಡಿರಲಿಲ್ಲ. ನಿನ್ನೆ ಬರೇ ನಕಲಿ ನೋಡಿದ ಯಂಕೋಬನಿಗೆ ತಕ್ಕಡಿ ಹೆಂಗ ಕಂಡಿತು? ಅರಗು, ಮುದ್ರೆ ಇರೋದೂ ಅವನ ಮೇಜಿನ ಖಾನೆಯಾಗ."

ಯಂಕೋಬ ಒಳಜೇಬಿನಿಂದ ಕಾಗದದ ಪೊಟ್ಟಣ ತೆಗೆದಿಟ್ಟ. "ಮುಂಬಯಿಯಿಂದ ಒಬ್ಬ ಕೊಳ್ಳಾಕ ಕೇಳಿದ್ದನ್ರಿ... ಆಸೆಗೆ ಬಿದ್ದೆ. ತಪ್ಪಾತರಿ, ಹಂಪವ್ವ."

ಅಧಿಕಾರಿ ಅಸಲಿಯನ್ನು ಅಂಗೈ ಮೇಲೆ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹಂಪವ್ವನಿಗೆ ಕೈ ಮುಗಿದರು. "ನಿನ್ನೆ ನಿಮ್ಮನ್ನು ಅನುಮಾನಿಸಿದೆ, ಕ್ಷಮಿಸಿ. ಅಲ್ಲಿ ಅಗೆದು ನೋಡಬೇಕು. ಜಾಗ ತೋರಿಸುತ್ತೀರಾ?"

"ತೋರಸ್ತೀನ್ರಿ. ಸಸಿ ತುಳೀಬ್ಯಾಡ್ರಿ, ಅಷ್ಟ," ಎಂದಳು ಹಂಪವ್ವ.

ಜೀಪಿನ ಹಿಂದೆ ಅರ್ಧ ಊರೇ ನಡೆಯಿತು. ಇಬ್ರಾಹಿಂಸಾಬನೂ ಅಂಗಡಿ ಮರೆತು ನಡೆದ. ಹೊತ್ತು ಇಳಿಯುವ ಮೊದಲು, ಬದುವಿನಿಂದ ನಾಲ್ಕು ಮಾರು ಈಚೆ, ಒಡೆದ ಗಡಿಗೆಯ ತಳದಲ್ಲಿ ಇನ್ನೂ ಹದಿನೇಳು ನಾಣ್ಯಗಳು ಸಿಕ್ಕವು.