ತಾರಸಿಯ ಮೇಲಿನ ಬಿಳಿ ಚೌಕ

"ನಿಲ್ಲೋ!"

ನಿಲ್ಲುವ ಜಾತಿಯವನಲ್ಲ ನಾನು. ಓಡಿದೆ.

ಹಿಂದೆ ಬೈಕು. ಬೈಕಿನ ಮೇಲೆ ಇಬ್ಬರು. ಹಿಂದೆ ಕೂತವನ ತೊಡೆಯ ಮೇಲೆ ರೈಫಲ್. ನನ್ನ ಬಲಗೈಯಲ್ಲಿ ಡಾಂಬರಿನ ಡಬ್ಬ, ಎಡಗೈಯಲ್ಲಿ ಬ್ರಷ್ಷು. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಗುಂಡು ಹಾರಿತು. ಪಕ್ಕದ ಗೋಡೆಯ ಗಾರೆ ಕಿತ್ತು ಬಂದು ಕೆನ್ನೆಗೆ ಬಡಿಯಿತು.

ಇಸ್ತ್ರಿ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ನುಗ್ಗಿದೆ. ಇಸ್ತ್ರಿಯವನು ಮೇಜಿನ ಕೆಳಗೆ ಮುದುಡಿ ಕೂತಿದ್ದ.

"ಹಿತ್ತಲ ಬಾಗಿಲು?"

"ತೆಗೆದೇ ಇದೆ... ಅಣ್ಣ, ಅದು ಡಾಂಬರಾ? ನಮ್ಮ ತಾರಸಿಗೂ ಸ್ವಲ್ಪ..."

"ಆಮೇಲೆ ಬರ್ತೀನಿ."

ಸುಳ್ಳು. ಡಬ್ಬದಲ್ಲಿದ್ದದ್ದು ಎರಡು ಮನೆಗೆ ಆಗುವಷ್ಟು. ಎರಡೂ ಆಗಲೇ ಬುಕ್ ಆಗಿದ್ದವು.

ಹಿತ್ತಲಿನಿಂದ ಹಾರಿದೆ. ಒಗೆದು ಹಾಕಿದ್ದ ಬೆಡ್‌ಶೀಟುಗಳ ನಡುವೆ ತೂರಿ ಆಚೆ ಬೀದಿಗೆ ಬಿದ್ದೆ. ಬೈಕು ಸುತ್ತು ಹಾಕಿಕೊಂಡು ಬರಬೇಕು. ಎರಡು ನಿಮಿಷ ಸಿಕ್ಕಿತು. ಆ ಎರಡು ನಿಮಿಷದಲ್ಲಿ ನಿಮಗೆ ಹಿಂದಿನ ಕತೆ ಹೇಳಿಬಿಡುತ್ತೇನೆ.

ದೊಡ್ಡ ದೇಶದ ಸೈನ್ಯ ನಮ್ಮೂರಿಗೆ ಬಂದು ಒಂಬತ್ತು ವರ್ಷ. ಬೆಟ್ಟದ ಮೇಲಿನ ಬಂದೂಕಿನವರಿಂದ ನಮ್ಮನ್ನು ಉಳಿಸುತ್ತೇವೆ ಅಂದರು. ನಾವೇನೂ ಕರೆದಿರಲಿಲ್ಲ. ಕರೆಯದೆ ಬಂದ ನೆಂಟರು ಆವತ್ತು ಬೆಳಗಿನ ಜಾವ ಹೇಳದೆ ಎದ್ದು ಹೋಗಿದ್ದರು. ಕ್ಯಾಂಪಿನ ಗೇಟು ಬಾಯಿ ತೆರೆದುಕೊಂಡು ಬಿದ್ದಿತ್ತು. ಬೆಟ್ಟದವರು ಎಂಟು ಗಂಟೆಗೆಲ್ಲ ಇಳಿದು ಬಂದರು.

ನಾನು ಆ ಸೈನ್ಯದ ಫಿಕ್ಸರ್. ಅವರಿಗೆ ನೀರಿನ ಟ್ಯಾಂಕರು ಹುಡುಕುವವನು, ಅವರ ಮಾತನ್ನು ಊರಿಗೆ ತಿಳಿಸುವವನು. ಊರವರು ನನಗೆ ಇಟ್ಟ ಹೆಸರು 'ನಾಲಿಗೆ'. ಮುಖದೆದುರು ಯಾರೂ ಹಾಗೆ ಕರೆಯುತ್ತಿರಲಿಲ್ಲ.

ಮೂರನೇ ವರ್ಷ ಅವರ ಕ್ಯಾಪ್ಟನ್ ಒಂದು ಐಡಿಯಾ ತಂದ. ತಾರಸಿಯ ಮೇಲೆ ಬಿಳಿ ಚೌಕ. ಹತ್ತು ಅಡಿಗೆ ಹತ್ತು ಅಡಿ. ವಿಮಾನದಿಂದ ಕಾಣಬೇಕು. "ಚೌಕ ಇರೋ ಮನೆ ಮೇಲೆ ಬಾಂಬು ಬೀಳದ ಹಾಗೆ ನಮ್ಮ ಕೈಲಾದಷ್ಟು ನೋಡಿಕೊಳ್ತೀವಿ" ಅಂದ.

ನಾನು ಜನಕ್ಕೆ ಹೇಳಿದ್ದೇನು ಗೊತ್ತೆ? "ಬಾಂಬು ಬೀಳೋದೇ ಇಲ್ಲ. ನನ್ನ ಮಾತು."

ಆ 'ಕೈಲಾದಷ್ಟು' ಅನ್ನುವುದನ್ನು ನಾನೇ ನುಂಗಿಬಿಟ್ಟೆ. ಅದನ್ನು ಹೇಳಿದರೆ ಯಾರೂ ಒಪ್ಪುತ್ತಿರಲಿಲ್ಲ, ಕ್ಯಾಪ್ಟನ್ ಸಂಜೆ ಮುಖ ಸಿಂಡರಿಸುತ್ತಿದ್ದ. ಮನೆ ಮನೆ ಹತ್ತಿದೆ. ನಲವತ್ತೊಂದು ಮನೆ ಒಪ್ಪಿದವು. ಹಿಟ್ಟಿನ ಗಿರಣಿಯವನ ಮನೆ ಚೌಕ ಇದ್ದರೂ ಬಾಂಬಿಗೆ ಹೋಯಿತು. ಕ್ಯಾಪ್ಟನ್ ಎರಡು ಸಾಲಿನ ಕಾಗದ ಬರೆದ. ಅದರಲ್ಲಿ ಇಲ್ಲದ ದುಃಖವನ್ನೂ ಸೇರಿಸಿ ಗಿರಣಿಯವನ ಹೆಂಡತಿಗೆ ಓದಿ ಹೇಳಿದವನು ನಾನು. ಅವಳು ನನಗೇ ಕೈ ಮುಗಿದಳು. ನಾಚಿಕೆ ಆವತ್ತೇ ಆಗಬೇಕಿತ್ತು. ಆಗಲಿಲ್ಲ.

ಬಣ್ಣ ಬಳಿದವನು ಪೇಂಟರ್. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬಳಿದದ್ದು ರಸ್ತೆಗೆ ಹಾಕುವ ಸೈನ್ಯದ ಬಣ್ಣ; ಮಾಸಿದ ಚೌಕಗಳಿಗೆ ಹಿಂದಿನ ವಾರವಷ್ಟೇ ಮತ್ತೊಂದು ಸಲ ಬಳಿದಿದ್ದ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗದು. ಅವನ ಉಗುರಿನ ಸಂದು, ಮೊಣಕೈಯವರೆಗಿನ ಚರ್ಮ... ಎಲ್ಲ ಬಿಳಿ. ನನ್ನ ಕೈ ಮಾತ್ರ ಶುಭ್ರ. ಮಾತಾಡಿದ್ದಕ್ಕೆ ಕಲೆ ಹತ್ತುವುದಿಲ್ಲ ನೋಡಿ.

ಈಗ ಬೆಟ್ಟದವರು ನೀರಿನ ಟ್ಯಾಂಕ್ ಹತ್ತಿ ದುರ್ಬೀನು ಹಿಡಿದು ನಿಂತಿದ್ದರು. ಚೌಕ ಕಂಡರೆ ಆ ಮನೆ ದೊಡ್ಡ ದೇಶದವರ ಕಡೆಯದು. ಕೆಳಗೆ ಕೈ ತೋರಿಸುತ್ತಿದ್ದರು. ಬೈಕುಗಳು ಹೊರಡುತ್ತಿದ್ದವು. ಆಗಲೇ ಮೂರು ಕಡೆ ಹೊಗೆ ಏಳುತ್ತಿತ್ತು.

ಪೇಂಟರನ್ನು ಹಳೇ ಬಸ್ ಶೆಡ್ಡಿನಲ್ಲಿ ಅಡಗಿಸಿದ್ದು ನಾನೇ. ಆ ಕೈಗಳನ್ನು ಇಟ್ಟುಕೊಂಡು ಅವನು ಬೀದಿಗೆ ಬರುವ ಹಾಗಿರಲಿಲ್ಲ. ಡಾಂಬರು ಹುಡುಕಿ ಕೊಟ್ಟವನು ಅವನು.

"ಮೊದ್ಲು ಅಕ್ಕನ ಮನೆ" ಅಂದಿದ್ದ. "ಆಮೇಲೆ ನಮ್ದು."

"ನಿಂದು ಮೊದಲು ಮಾಡ್ಲಾ?"

"ಬೇಡಣ್ಣ. ಭಾವನ್ನ ಎತ್ಕೊಂಡು ಓಡೋಕಾಗುತ್ತಾ?"

ಅಕ್ಕ ಅಂದರೆ ನನ್ನ ಒಡಹುಟ್ಟಿದ ಅಕ್ಕ. ಹೆರಿಗೆ ನರ್ಸ್. ಪೇಂಟರನ ಇಬ್ಬರು ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದ್ದು. ಭಾವನಿಗೆ ಲಕ್ವ ಹೊಡೆದು ಎರಡು ವರ್ಷ. ಮಂಚ ಬಿಟ್ಟು ಅಲುಗಾಡಲಾರ. ಚೌಕ ಬೇಡವೇ ಬೇಡ ಅಂತ ಹಟ ಹಿಡಿದಿದ್ದವನು ಅವನು. ಅಕ್ಕ ಕೇಳಲಿಲ್ಲ. ತಮ್ಮ ಹೇಳಿದ ಮೇಲೆ ಮುಗಿಯಿತು ಅಂದಿದ್ದಳು.

ಅಕ್ಕನ ಮನೆ ಮುಟ್ಟಿದೆ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಅಕ್ಕ, ನಾನು..."

"ಮಾತು ಬೇಡ. ಹತ್ತು ಮೇಲೆ."

ಹತ್ತಿದೆ. ಮಂಡಿಯೂರಿ ಬಳಿಯತೊಡಗಿದೆ. ಡಾಂಬರು ಬಿಸಿಲಿಗೆ ಕರಗಿ ಸಲೀಸಾಗಿ ಹರಡುತ್ತಿತ್ತು. ಕಾಲು ಭಾಗ ಕಪ್ಪಾಯಿತು. ಅರ್ಧ... ಮುಕ್ಕಾಲು...

ಕುತ್ತಿಗೆಗೆ ಏನೋ ತಣ್ಣಗೆ ತಾಗಿತು.

"ಚೆನ್ನಾಗಿ ಬಳೀತಿದ್ದೀಯ."

ಮೆಲ್ಲಗೆ ತಿರುಗಿದೆ. ಅಂಥ ಬಿಸಿಲಿನಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿದ ಗಡ್ಡದವನು. ಕೈಯಲ್ಲಿ ಪಿಸ್ತೂಲು. ಬೆಟ್ಟದವರ ಲೀಡರ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಕೆಳಗೆ ಬೈಕಿನ ಹುಡುಗರು, ನನ್ನನ್ನು ಅಟ್ಟಿಸಿಕೊಂಡು ಬಂದವರಲ್ಲ, ಬೇರೆಯವರು.

"ತಾರಸಿ ಸೋರುತ್ತೆ ಸಾರ್" ಅಂದೆ. "ಕೂಲಿಗೆ ಬಂದಿದ್ದೀನಿ."

"ಮಳೆಗಾಲ ಮುಗಿದು ಮೂರು ತಿಂಗಳಾಯ್ತು."

"ಅಗ್ಗಕ್ಕೆ ಮಾಡ್ತೀನಿ ಅಂದೆ ಸಾರ್. ಒಪ್ಕೊಂಡ್ರು."

ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ.

"ಕೈ ತೋರ್ಸು."

ತೋರಿಸಿದೆ. ಬರೀ ಡಾಂಬರು. ಅಂಗೈ ತಿರುಗಿಸಿ ನೋಡಿದ, ಉಗುರು ನೋಡಿದ.

"ಈ ಊರಲ್ಲಿ ನಾಲಿಗೆ ಅಂತ ಒಬ್ಬ ಇದ್ದಾನೆ. ಈ ಚೌಕಗಳೆಲ್ಲ ಅವಂದೇ ಕೆಲಸ. ಅವನ ಕೈ ಬೆಳ್ಳಗಿರುತ್ತಂತೆ. ಗೊತ್ತಾ?"

ಅರ್ಥವಾಯಿತಲ್ಲ? ಇವರಿಗೆ ನನ್ನ ಹೆಸರು ಸಿಕ್ಕಿತ್ತು, ಪೇಂಟರನ ಕೈ ಸಿಕ್ಕಿತ್ತು. ಎರಡನ್ನೂ ಸೇರಿಸಿ ಒಬ್ಬನನ್ನು ಮಾಡಿಕೊಂಡಿದ್ದರು.

"ಗೊತ್ತಿಲ್ಲ ಸಾರ್."

"ಕೇಳು. ಇದು ನರ್ಸಮ್ಮನ ಮನೆ. ನನ್ನ ಹುಡುಗರಲ್ಲಿ ಮೂವರು ಅವಳ ಕೈಲಿ ಹುಟ್ಟಿದವರು. ಈ ಮನೆ ಬಿಟ್ಟೆ ಅಂತಿಟ್ಕೋ. ಆದ್ರೆ ಬರಿಗೈಲಿ ಇಳಿದು ಹೋದ್ರೆ ಉಳಿದವರು ನನ್ನ ಮಾತು ಕೇಳಲ್ಲ. ನಂಗೆ ನಾಲಿಗೆ ಬೇಕು. ಹತ್ತು ಎಣಿಸ್ತೀನಿ. ಅಷ್ಟರಲ್ಲಿ ನಿಂಗೆ ಗೊತ್ತಾಗ್ಲಿಲ್ಲ ಅಂದ್ರೆ, ಇದೂ ಹೋಗುತ್ತೆ."

ಕೆಳಗೆ ಭಾವ ಕೆಮ್ಮಿದ. ಅವನ ಕೆಮ್ಮು ಉದ್ದ. ಮುಗಿಯುವುದೇ ಇಲ್ಲ.

"ಒಂದು."

ನಾನೇ ನಾಲಿಗೆ ಅಂತ ಹೇಳಬಹುದಿತ್ತು. ಎರಡು ಪದ. ದಿನಕ್ಕೆ ಸಾವಿರ ಪದ ಆಡುವವನು ನಾನು.

"ಎರಡು... ಮೂರು..."

ನಾಲ್ಕಕ್ಕೆ ಬಾಯಿ ಬಿಟ್ಟೆ.

"ಹಳೇ ಬಸ್ ಶೆಡ್ಡು. ಪೇಂಟರ್ ವೇಷದಲ್ಲಿ ಇದ್ದಾನೆ."

ಹತ್ತರವರೆಗೆ ಕಾಯಲೂ ಇಲ್ಲ. ಹೆದರಿ ಕೊನೆ ಗಳಿಗೆಯಲ್ಲಿ ಹೇಳಿದೆ ಅಂದರೆ ಯಾರಾದರೂ ಅಯ್ಯೋ ಪಾಪ ಅಂದಾರು. ಇನ್ನೂ ಆರು ಬಾಕಿ ಇತ್ತು. ಇವತ್ತಿಗೂ ನನ್ನ ನಿದ್ದೆ ತಿನ್ನುವುದು ಆ ಆರು.

ಕಾಲು ಗಂಟೆಯಲ್ಲಿ ಅವನನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬಂದರು. ಅಕ್ಕನ ಮನೆ ಮುಂದೆಯೇ ನಿಲ್ಲಿಸಿದರು. ಮಫ್ಲರಿನವನು ನನ್ನನ್ನೂ ಕೆಳಗೆ ಇಳಿಸಿ ಗೋಡೆಗೆ ಒರಗಿಸಿದ. ಡಬ್ಬ ನನ್ನ ಕಾಲ ಬಳಿ ಇತ್ತು. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು.

ಪೇಂಟರನ ಹುಬ್ಬು ಒಡೆದಿತ್ತು. ಕೈ ಹಿಂದಕ್ಕೆ ಕಟ್ಟಿದ್ದರು. ಬಿಳಿ ಕೈ.

"ನಾಲಿಗೆ ಅಂದ್ರೆ ನೀನೇನಾ?" ಮಫ್ಲರ್ ಕೇಳಿದ.

ಪೇಂಟರ್ ನನ್ನ ಕಡೆ ನೋಡಿದ. ಬಸ್ ಶೆಡ್ಡು ಇಬ್ಬರಿಗೆ ಮಾತ್ರ ಗೊತ್ತಿದ್ದ ಜಾಗ. ಅವನು ದಡ್ಡನಲ್ಲ. ಅವನು ಬೈಯಲಿ, ಉಗಿಯಲಿ, ಇವನೇ ಆ ನಾಲಿಗೆ ಅಂತ ಬೆರಳು ತೋರಿಸಲಿ ಅಂತ ಕಾದೆ. ನಿಜ ಹೇಳಬೇಕೆಂದರೆ, ತೋರಿಸದಿದ್ದರೆ ಸಾಕು ಅಂತಲೂ ಒಳಗೊಳಗೇ ಬೇಡಿಕೊಂಡೆ.

ಅಕ್ಕನ ತುಟಿ ಬಿಚ್ಚಿಕೊಂಡಿತು. "ಅಯ್ಯೋ ಅವನಲ್ಲಪ್ಪ, ಅದು..."

"ನಾನೇ" ಅಂದ ಪೇಂಟರ್. ಅವಳ ಮಾತಿಗೆ ಅಡ್ಡ ಬಂದು ಜೋರಾಗಿ ಅಂದ. "ನಾನೇ ಮನೆ ಮನೆಗೆ ಹೋಗಿದ್ದು. ನರ್ಸಮ್ಮಂಗೆ ಏನೂ ಗೊತ್ತಿಲ್ಲ. ಬಲವಂತ ಮಾಡಿ ಬಳಿದೆ."

"ಈ ಕೂಲಿಯವನು ಗೊತ್ತಾ?"

ಪೇಂಟರ್ ಮತ್ತೊಮ್ಮೆ ನನ್ನನ್ನು ನೋಡಿದ.

"ಕಸುಬು ಗೊತ್ತಿಲ್ಲದವನು. ಮೂಲೆ ಬಿಟ್ಟು ಬಳೀತಾನೆ. ಡಾಂಬರು ಉಳಿದಿದ್ರೆ ಇನ್ನೊಂದು ಮನೆಗಾದ್ರೂ ನೆಟ್ಟಗೆ ಬಳಿಯೋಕೆ ಹೇಳಿ."

ಹುಡುಗರು ನಕ್ಕರು. ಪಿಕಪ್ಪು ಹೊರಟಿತು. ಮಫ್ಲರ್ ಬೈಕು ಹತ್ತುವಾಗ ನನ್ನ ಬೆನ್ನು ತಟ್ಟಿ ಹೋದ. ಆ ಜಾಗ ಈಗಲೂ ಸುಡುತ್ತದೆ.

ಒಳಗಿನಿಂದ ಭಾವ ತೊದಲಿದ. "ಯಾರು... ಯಾರನ್ನ ಕರ್ಕೊಂಡೋದ್ರು?"

"ಪೇಂಟರನ್ನ" ಅಂದಳು ಅಕ್ಕ.

ಮಂಚ ಕಿರುಗುಟ್ಟಿತು. ಎರಡು ವರ್ಷದಿಂದ ಮಗ್ಗುಲು ಬದಲಿಸದವನು ಹೇಗೋ ಗೋಡೆಯ ಕಡೆಗೆ ತಿರುಗಿಕೊಂಡ.

"ಅಕ್ಕ, ನಿಮ್ಮಿಬ್ಬರಿಗೋಸ್ಕರ..."

"ನಮ್ಮ ಹೆಸರು ಹೇಳಬೇಡ. ನಾವು ಕೇಳಿದ್ವಾ?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಆ ನೆಪದಲ್ಲಿ ಅವಳ ಪಕ್ಕ ಕೂರಬಹುದಿತ್ತು. ಡಬ್ಬ ಎತ್ತಿ ಅಲ್ಲಾಡಿಸಿ ನೋಡಿ ನನ್ನ ಕೈಗೆ ಕೊಟ್ಟಳು.

"ಅರ್ಧ ಇದೆ. ಅವನ ಮನೆಗೆ ಹೋಗು. ಬಳಿದು ಮುಗಿಸು. ಆಮೇಲೆ ಎಲ್ಲಾದ್ರೂ ಹೋಗು, ಇಲ್ಲಿಗೆ ಬರಬೇಡ."

"ಅಕ್ಕ..."

"ಹೋಗು ಅಂದೆ."

ಹೋದೆ. ಗೋಡೆ ಹಾರಿದೆ, ಚರಂಡಿಯಲ್ಲಿ ಬಗ್ಗಿ ನಡೆದೆ, ಎರಡು ಸಲ ಬೈಕಿನ ಸದ್ದಿಗೆ ಕಸದ ತೊಟ್ಟಿಯ ಹಿಂದೆ ಮುಖ ಹುದುಗಿಸಿ ಕೂತೆ. ಒಂದು ಹನಿ ಚೆಲ್ಲಲಿಲ್ಲ. ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ಇನ್ನೇನನ್ನೂ ಹೊತ್ತವನಲ್ಲ ನಾನು.

ಪೇಂಟರನ ಹೆಂಡತಿ ಕಿಟಕಿಯಿಂದ ನೋಡಿ ಓಡಿ ಬಂದಳು. ಕಂಕುಳಲ್ಲಿ ಸಣ್ಣದು, ಸೆರಗು ಹಿಡಿದು ದೊಡ್ಡದು. ಡಬ್ಬ ಕಂಡದ್ದೇ ಅವಳ ಕಣ್ಣು ತುಂಬಿತು.

"ಬಂದ್ರಾ ಅಣ್ಣ! ಅವರು ಹೇಳಿದ್ರು, ಏನೇ ಆದ್ರೂ ಅಣ್ಣ ಬಂದೇ ಬರ್ತಾರೆ ಅಂತ. ಅವರು ನೀವು ಬಚ್ಚಿಟ್ಟ ಕಡೆಯೇ ಇದ್ದಾರಲ್ವಾ? ಏನೂ ತೊಂದ್ರೆ ಇಲ್ಲ ತಾನೆ?"

ಒಂಬತ್ತು ವರ್ಷ ಎರಡು ಭಾಷೆಯಲ್ಲಿ ಮಾತಾಡಿ ಹೊಟ್ಟೆ ಹೊರೆದವನು.

"ಏಣಿ ಎಲ್ಲಿದೆ?" ಅಂದೆ.

ಮಗುವನ್ನು ದೊಡ್ಡದರ ಕೈಗೆ ಕೊಟ್ಟು ಏಣಿ ತಂದಳು. ಗೋಡೆಗೆ ಆನಿಸಿದಳು. ಕೆಳಗಿನ ಮೆಟ್ಟಿಲಿನ ಮೇಲೆ ಕಾಲಿಟ್ಟು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ಹುಷಾರು ಅಣ್ಣ" ಅಂದಳು. "ಈಗ ನಮಗೆ ಅಂತ ಇರೋದು ನೀವೊಬ್ರೇ."

ಅವಳು ಹೇಳಿದ್ದು ಸುಳ್ಳಲ್ಲ. ಹಾಗೆ ಮಾಡಿಟ್ಟು ಬಂದವನು ನಾನೇ ತಾನೆ.